ಕೈಯಿಟ್ಟು ನೋಡಿ ಆರಿಸಿದ ಸರ್ವರ್

2005ರ ಹೊತ್ತಿಗೆ ನಾನು ಹುಬ್ಬಳ್ಳಿಯ ಒಂದು ಕ್ಯಾನ್ಸರ್ ಆಸ್ಪತ್ರೆಯಲ್ಲಿ ವಾಕ್ ಚಿಕಿತ್ಸಕಿಯಾಗಿ ಹದಿನಾಲ್ಕು ವರ್ಷ ಕಳೆದಿದ್ದೆ. ಅಲ್ಲಿಯವರೆಗೆ ಕಂಪ್ಯೂಟರಿಗೂ ನನಗೂ ಇದ್ದ ಸಂಬಂಧ ಸಂಬಳದ ಚೀಟಿಯಷ್ಟೇ. ಅಂಥವಳು ಸರ್ವರ್, ಬ್ಯಾಂಡ್‌ವಿಡ್ತ್, ಬ್ಯಾಕಪ್ ಎಂಬ ಮಾತುಗಳನ್ನೆಲ್ಲ ಕಲಿತು, ಮೂರು ಕಡೆಯ ಹೋಸ್ಟಿಂಗ್ ತೂಗಿ ನೋಡಿ, ನಲವತ್ತು ಜನರ ಪರವಾಗಿ ಒಂದನ್ನು ಗೊತ್ತು ಮಾಡಬೇಕಾಗಿ ಬಂತು. ಆ ಆಯ್ಕೆಯ ಬಗ್ಗೆ ನನಗೆ ಇಂದಿಗೂ ಸಮಾಧಾನವಿಲ್ಲ. ತಪ್ಪು ಯಾರದೆಂದು ಬೆರಳು ಮಾಡಲು ಹೋದರೆ ಬೆರಳು ಎಲ್ಲಿಯೂ ನಿಲ್ಲುವುದಿಲ್ಲ, ಸಂಕಟ ಇರುವುದೇ ಅಲ್ಲಿ.

ನನ್ನ ಕೆಲಸದ ಬಗ್ಗೆ ಮೊದಲು ಹೇಳಬೇಕು. ಗಂಟಲಿನ ಕ್ಯಾನ್ಸರ್ ತೀರ ಬೆಳೆದಿದ್ದರೆ ಶಸ್ತ್ರವೈದ್ಯರು ಧ್ವನಿಪೆಟ್ಟಿಗೆಯನ್ನೇ ತೆಗೆದುಹಾಕುತ್ತಾರೆ. ಇದಕ್ಕೆ ಲ್ಯಾರಿಂಜೆಕ್ಟಮಿ ಎಂದು ಹೆಸರು. ಆಮೇಲೆ ರೋಗಿ ಉಸಿರಾಡುವುದು ಮೂಗಿನಿಂದಲ್ಲ, ಕುತ್ತಿಗೆಯ ಮುಂಭಾಗದಲ್ಲಿ ಮಾಡಿಟ್ಟ ಒಂದು ತೂತಿನಿಂದ. ಜೀವ ಉಳಿಯುತ್ತದೆ, ದನಿ ಹೋಗುತ್ತದೆ. ಗಾಳಿ ನುಂಗಿ ತೇಗಿನ ಹಾಗೆ ಮೇಲಕ್ಕೆ ತಂದು, ಆ ತೇಗನ್ನೇ ತುಟಿ ನಾಲಗೆಗಳಲ್ಲಿ ತಿದ್ದಿ ಮಾತು ಮಾಡುವ ಒಂದು ವಿದ್ಯೆಯಿದೆ. ಅದನ್ನು ಕಲಿಸುವವಳು ನಾನು. ಕೆಲವರಿಗೆ ಆರೆಂಟು ತಿಂಗಳಲ್ಲಿ ಬರುತ್ತದೆ, ಅನೇಕರಿಗೆ ಬರುವುದೇ ಇಲ್ಲ. ಬಾರದವರು ಪಾಟಿ ಬಳಪ ಹಿಡಿದು ಓಡಾಡುತ್ತಾರೆ. ಈ ಕೆಲಸ ಬಿಟ್ಟರೆ ಇವಳಿಗೆ ಬೇರೇನೂ ಒಗ್ಗುತ್ತಿರಲಿಲ್ಲ, ಇವಳ ಬಾಯಿಗೆ ಎದುರಾಡದವರೇ ಬೇಕು ಎಂದು ನನ್ನ ಗಂಡ ನೆಂಟರ ಮುಂದೆಲ್ಲ ಹೇಳುತ್ತಿದ್ದರು. ನಾನು ಬಾಯಿಬಡಕಿ ಎಂಬುದು ಖರೆ. ಆದರೆ ಎದುರಾಡದ ಜನ ಎನ್ನುವುದು ಶುದ್ಧ ಸುಳ್ಳು.

ಎದುರಾಡುವುದರಲ್ಲಿ ಬಸವಣ್ಣೆಪ್ಪನವರನ್ನು ಮೀರಿಸಿದವರಿಲ್ಲ. ಅಮರಗೋಳದ ಮಾರ್ಕೆಟ್ಟಿನಲ್ಲಿ ಮೆಣಸಿನಕಾಯಿ ಲಿಲಾವು, ಅಂದರೆ ಹರಾಜು, ಕೂಗುವುದು ಅವರ ಕೆಲಸವಾಗಿತ್ತು. ಒಂದು ದಲಾಲಿ ಅಂಗಡಿಯಲ್ಲಿ ಮೂವತ್ತು ವರ್ಷ ಕೂಗಿದ್ದರು. ಮೆಣಸಿನ ಘಾಟಿನಲ್ಲಿ ಬೇರೆಯವರು ಸೀನುತ್ತ ನಿಂತರೆ ಇವರ ದನಿ ಆಚೆ ಸಾಲಿನ ಕಟ್ಟೆಯವರೆಗೆ ಹೋಗುತ್ತಿತ್ತಂತೆ. ಆ ದನಿಯನ್ನು ನಾನು ಕೇಳಿಲ್ಲ. ನನ್ನ ಹತ್ತಿರ ಬರುವ ಹೊತ್ತಿಗೆ ಅವರ ಕುತ್ತಿಗೆಗೆ ಬಿಳಿ ಬಟ್ಟೆ ಸುತ್ತಿತ್ತು. ಅವರ ಹೆಂಡತಿ ಗಂಗವ್ವ ಅದೇ ಮಾರ್ಕೆಟ್ಟಿನಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಂಗಸು. ಮೊದಲ ದಿನವೇ ಆಕೆ ನನ್ನ ಮುಂದೆ ಕೂತು, "ಒಂದ್ ಕ್ಯಾಸೆಟ್‌ನ್ಯಾಗರ ಹಿಡದ್ ಇಟ್ಟಿದ್ರ ಆಗಿತ್ತ್ರಿ ಅಕ್ಕಾರ. ಅಷ್ಟ್ ಮಂದಿ ಮುಂದ ಕೂಗಿದ ಮನಷ್ಯಾ, ಒಬ್ಬರೂ ಹಿಡದ್ ಇಡಲಿಲ್ಲ," ಎಂದಳು. ನಮ್ಮ ಕಡೆ ಕಲಿಸುವ ಹೆಂಗಸರಿಗೆಲ್ಲ ಅಕ್ಕಾರ ಎನ್ನುವುದು ರೂಢಿ.

ತೇಗಿನ ಮಾತು ಕಲಿಯಲು ಬಸವಣ್ಣೆಪ್ಪ ಒಪ್ಪಲೇ ಇಲ್ಲ. ಪಾಟಿಯ ಮೇಲೆ ದೊಡ್ಡ ಅಕ್ಷರದಲ್ಲಿ, "ನಾ ಕೂಗಿದಾಂವ. ತೇಗಿದ್ರ ಮಾರ್ಕೆಟ್‌ನ್ಯಾಗ ನಗ್ತಾರ," ಎಂದು ಬರೆದರು. ನಾನು ಬೈದೆ, ಮುದ್ದು ಮಾಡಿದೆ, ಹೆದರಿಸಿದೆ. ಅವರು ಪಾಟಿ ಒರೆಸಿ ಜೇಬಿಗೆ ಬಳಪ ಇಟ್ಟುಕೊಂಡರು. ಇನ್ನೊಂದು ಕಷ್ಟವೆಂದರೆ ಗಂಗವ್ವನಿಗೆ ಓದು ಬಾರದು. ಹೀಗಾಗಿ ಊರವರ ಜೊತೆ ಪಾಟಿಯಲ್ಲಾದರೂ ಮಾತಾಡುತ್ತಿದ್ದ ಮನುಷ್ಯ ಹೆಂಡತಿಯ ಜೊತೆ ಕೈಸನ್ನೆ, ಚಪ್ಪಾಳೆ, ಹುಬ್ಬು ಇಷ್ಟರಲ್ಲೇ ಸಂಸಾರ ಮಾಡಬೇಕಿತ್ತು. ಹಸಿವು, ನೀರು, ಔಷಧ ಎಲ್ಲಕ್ಕೂ ಸನ್ನೆಯಿದೆ. ಅದರಾಚೆಗಿನದಕ್ಕೆ ಇಲ್ಲ.

ತಿಂಗಳಿಗೊಮ್ಮೆ ಇಂಥವರನ್ನೆಲ್ಲ ಆಸ್ಪತ್ರೆಯಲ್ಲಿ ಒಂದು ಕಡೆ ಸೇರಿಸುತ್ತಿದ್ದೆ. ಗದಗ, ಹಾವೇರಿ, ಬಾಗಲಕೋಟೆಗಳಿಂದ ಬರುತ್ತಿದ್ದರು. ಆ ಒಂದು ದಿನ ಚೆನ್ನಾಗಿ ನಡೆಯುತ್ತಿತ್ತು, ಉಳಿದ ದಿನಗಳೇ ಪಂಚಾಯ್ತಿ. ಮನೆಗೆ ಹೋದ ಮೇಲೆ ಏನಾದರೂ ಸಂಶಯ ಬಂದರೆ ಇವರು ಫೋನ್ ಮಾಡುವಂತಿಲ್ಲ. ಮೊಬೈಲಿನ ಮೆಸೇಜು ಒಬ್ಬರಿಂದ ಒಬ್ಬರಿಗೆ ಮಾತ್ರ, ಅದೂ ಎರಡು ಸಾಲು. ಗದಗಿನಿಂದ ಬರುತ್ತಿದ್ದ ಒಬ್ಬ ಸಾಲಿ ಮಾಸ್ತರರು ಇಂಟರ್ನೆಟ್ ಫೋರಂ ಎಂಬುದನ್ನು ಎಲ್ಲೋ ನೋಡಿ ಬಂದು ಹೇಳಿದರು. ಒಬ್ಬರು ಒಂದು ವಿಷಯ ಬರೆದಿಟ್ಟರೆ ಉಳಿದವರು ಬಿಡುವಾದಾಗ ಅದರ ಕೆಳಗೆ ಉತ್ತರ ಬರೆಯುತ್ತಾರೆ. ಎಲ್ಲರೂ ಎಲ್ಲರದನ್ನೂ ಓದಬಹುದು. ಆಗ ಊರೂರಿಗೆ ಸೈಬರ್ ಕೆಫೆಗಳು ತುಂಬಿದ್ದವು. ದನಿಯಿಲ್ಲದವರಿಗೆ ಇದಕ್ಕಿಂತ ಒಳ್ಳೆಯ ಜಾಗ ಎಲ್ಲಿದೆ ಎಂದು ನನಗೂ ಹುರುಪು ಬಂತು.

ಮೊದಲು ಪುಕ್ಕಟೆ ಸಿಗುವ ಒಂದು ಫೋರಂ ಹಿಡಿದೆವು. ಪುಕ್ಕಟೆ ಎಂದರೆ ಪಕ್ಕದಲ್ಲಿ ಜಾಹೀರಾತು. ಪುಟ ತೆರೆದ ಕೂಡಲೇ ರಿಂಗ್‌ಟೋನ್ ಮಾರುವವರ ಜಾಹೀರಾತೊಂದು ಕೆಫೆ ತುಂಬ ಕೇಳುವಂತೆ ಹಾಡು ಹಾಕುತ್ತಿತ್ತು. ಕುತ್ತಿಗೆಗೆ ಬಟ್ಟೆ ಕಟ್ಟಿಕೊಂಡು ಮೂಲೆಯಲ್ಲಿ ಕೂತವರ ಕಡೆ ಎಲ್ಲರೂ ತಿರುಗಿ ನೋಡುತ್ತಿದ್ದರು. ಒಂದೇ ತಿಂಗಳಲ್ಲಿ ಅರ್ಧ ಜನ ಬಿಟ್ಟರು. ಹಣ ಕೊಟ್ಟು ನಮ್ಮದೇ ಜಾಗ ಹಿಡಿಯಬೇಕು ಎಂದು ಸಭೆ ತೀರ್ಮಾನಿಸಿತು. ತಲೆಗೆ ವರ್ಷಕ್ಕೆ ಐವತ್ತು ರೂಪಾಯಿ, ಅದರೊಳಗೇ ಮುಗಿಯಬೇಕು. ವಿಚಾರಿಸುವ ಕೆಲಸ, ಮಾತಾಡಲು ಬರುವವಳೆಂದು, ನನ್ನ ಕೊರಳಿಗೆ ಬಿತ್ತು.

ಹೋಸ್ಟಿಂಗ್ ಎಂದರೆ ಯಾವಾಗಲೂ ಚಾಲೂ ಇರುವ ಒಂದು ಕಂಪ್ಯೂಟರಿನಲ್ಲಿ ನಮ್ಮ ಬರಹ ಇಡಲು ಬಾಡಿಗೆಗೆ ಜಾಗ ಹಿಡಿಯುವುದು. ಆ ಕಂಪ್ಯೂಟರೇ ಸರ್ವರ್. ಫೋರಂ ನಡೆಸುವ ತಂತ್ರಾಂಶ ಪುಕ್ಕಟೆ ಸಿಗುತ್ತದೆ, ಜಾಗಕ್ಕೆ ಮಾತ್ರ ದುಡ್ಡು. ಚಿತ್ರಗಳಿಲ್ಲದ, ಬರೀ ಅಕ್ಷರಗಳ ಫೋರಮ್ಮಿಗೆ ಹೆಚ್ಚು ಜಾಗ ಬೇಡ, ಬ್ಯಾಂಡ್‌ವಿಡ್ತ್ ಎನ್ನುವ ಹೋಗಿ ಬರುವ ದಾರಿಯೂ ಅಗಲವಾಗಿರಬೇಕಿಲ್ಲ. ಇಷ್ಟು ತಿಳಿಯುವುದಕ್ಕೆ ನನಗೆ ಎರಡು ತಿಂಗಳು ಹಿಡಿಯಿತು. ಆಸ್ಪತ್ರೆಯ ಲೆಕ್ಕಪತ್ರ ವಿಭಾಗದವನು ನಾನು ಬರುವುದು ಕಂಡರೆ ಊಟಕ್ಕೆ ಎದ್ದು ಹೋಗುತ್ತಿದ್ದ.

ಕೊನೆಗೆ ಮೂರು ಉಳಿದವು. ಮೊದಲನೆಯದು ಬೆಂಗಳೂರಿನ ಒಂದು ಕಂಪನಿ, ವರ್ಷಕ್ಕೆ ಆರು ಸಾವಿರ. ಅವರ ಮಾರಾಟದ ಹುಡುಗಿ ಮುದ್ದಾಗಿ, "ಯಾವ ತೊಂದರೆ ಬಂದರೂ ಒಂದು ಫೋನ್ ಮಾಡಿದರೆ ಸಾಕು ಮೇಡಂ," ಎಂದಳು. ಇದನ್ನು ಸಭೆಯಲ್ಲಿ ಹೇಳಿದಾಗ ಕೋಣೆಯೇ ನಕ್ಕಿತು. ದನಿಯಿಲ್ಲದವರ ನಗು ನೋಡದವರಿಗೆ ಹೇಳುತ್ತೇನೆ, ಭುಜಗಳು ಕುಣಿಯುತ್ತವೆ, ಕುತ್ತಿಗೆಯಿಂದ ಗಾಳಿ ಬುಸುಗುಡುತ್ತದೆ, ಕಣ್ಣಲ್ಲಿ ನೀರು ಬರುತ್ತದೆ. ಎರಡನೆಯದು ಅಮೆರಿಕದ್ದು, ತಿಂಗಳಿಗೆ ಐದು ಡಾಲರ್. ನಮ್ಮ ಚಂದಾಕ್ಕಿಂತ ಸ್ವಲ್ಪ ಹೆಚ್ಚು, ಆದರೆ ತೀರ ಕೈಗೆಟುಕದ್ದಲ್ಲ. ತಮ್ಮ ಕ್ರೆಡಿಟ್ ಕಾರ್ಡು ಕೊಡುತ್ತೇನೆಂದು ನಮ್ಮ ಡಾಕ್ಟರೊಬ್ಬರು ಹೇಳಿದ್ದರು. ಅಲ್ಲಿ ಏನೇ ತೊಂದರೆ ಬಂದರೂ ಬರೆದೇ ಕೇಳಬೇಕು, ಅವರೂ ಬರೆದೇ ಉತ್ತರಿಸುತ್ತಾರೆ. ದಿನಕ್ಕೊಮ್ಮೆ ಎಲ್ಲ ಬರಹದ ನಕಲು ತೆಗೆದು ಬೇರೊಂದು ಊರಿನ ಕಂಪ್ಯೂಟರಿನಲ್ಲಿ ಇಡುತ್ತಾರೆ. ಇದಕ್ಕೆ ಬ್ಯಾಕಪ್ ಎನ್ನುತ್ತಾರೆ. ನಾನು ಇದನ್ನೂ ಓದಿ ಹೇಳಿದೆ. ಯಾರೂ ಮನಸ್ಸಿಗೆ ಹಾಕಿಕೊಳ್ಳಲಿಲ್ಲ, ಹೇಳಿದ ನಾನೂ ಹಾಕಿಕೊಳ್ಳಲಿಲ್ಲ.

ಬಸವಣ್ಣೆಪ್ಪ ಪಾಟಿ ಎತ್ತಿದರು. "ಮಾಲು ಎಲ್ಲೈತಿ?"

ಅಮೆರಿಕದಲ್ಲಿ ಎಂದೆ.

"ಅಮೆರಿಕದಾಗ ಎಲ್ಲಿ?"

ನನಗೇನು ಗೊತ್ತು. ಅವರು ಒರೆಸಿ ಇನ್ನೊಂದು ಸಾಲು ಬರೆದು ಎಲ್ಲರ ಕಡೆ ತಿರುಗಿಸಿದರು. "ಚೀಲಕ್ಕ ಕೈ ಹಾಕಲಾರದ ನಾ ಯಾವ ಮಾಲಿಗೂ ಕೂಗಿಲ್ಲ."

ಮೆಣಸಿನಕಾಯಿ ಚೀಲ ಮೇಲಿನಿಂದ ಒಣಗಿ ಗರಿಗರಿಯಾಗಿ ಕಾಣುತ್ತದೆ. ಅದಕ್ಕೇ ಕೊಳ್ಳುವವನು ಮೊಳಕೈ ಮುಳುಗುವವರೆಗೆ ಕೈ ತೂರಿಸಿ, ತಳದಲ್ಲಿ ಹಸಿಯಿದೆಯೇ ಎಂದು ಬೆರಳಿಂದ ತಿಳಿಯುತ್ತಾನೆ. ಕೂಗುವವನೂ ಮೊದಲು ಕೈ ಹಾಕಿ ನೋಡಿಯೇ ಕೂಗುತ್ತಾನೆ. ಸಭೆಯಲ್ಲಿದ್ದ ಹೆಚ್ಚಿನವರು ಒಕ್ಕಲುತನದವರು, ಹಮಾಲರು, ಸಣ್ಣ ವ್ಯಾಪಾರದವರು. ಎಲ್ಲ ತಲೆಗಳೂ ಹೌದೆಂದು ಅಲ್ಲಾಡಿದವು. ಸರ್ವರ್ ಎಂದರೆ ಚೀಲವಲ್ಲ ಎಂದು ಹೇಳಬಹುದಿತ್ತು. ಆದರೆ ನಾನೂ ಇದೇ ಊರಿನವಳು, ಸೀರೆ ಕೊಳ್ಳುವಾಗ ಅಂಚನ್ನು ಬೆರಳಲ್ಲಿ ಉಜ್ಜಿ ನೋಡುವವಳು. ನನಗೂ ಅದು ಸರಿಯೆನ್ನಿಸಿತು.

ಮೂರನೆಯದು ಗೋಪನಕೊಪ್ಪದ ಇಮ್ತಿಯಾಜನ ಅಂಗಡಿ. ಮೊದಲು ರೇಡಿಯೋ, ಟೇಪ್‌ರೆಕಾರ್ಡರ್ ರಿಪೇರಿ ಮಾಡುತ್ತಿದ್ದವನು ಆಮೇಲೆ ಕಂಪ್ಯೂಟರಿಗೆ ಬಂದಿದ್ದ. ಲೀಸ್ಡ್ ಲೈನ್, ಅಂದರೆ ಯಾವಾಗಲೂ ಜೋಡಿಸಿಯೇ ಇರುವ ಇಂಟರ್ನೆಟ್ ತಂತಿ ಹಾಕಿಸಿಕೊಂಡು, ತನ್ನದೇ ಒಂದು ಸರ್ವರಿನಲ್ಲಿ ಬೀಜದ ಅಂಗಡಿ, ಮದುವೆ ಮಂಟಪ ಇಂಥವರ ವೆಬ್‌ಸೈಟು ಇಟ್ಟಿದ್ದ. ನಾವು ಎಂಟು ಜನ ಎರಡು ಆಟೋದಲ್ಲಿ ಹೋದೆವು. ಇಷ್ಟು ಮಂದಿ ಕುತ್ತಿಗೆಗೆ ಬಟ್ಟೆ ಕಟ್ಟಿಕೊಂಡು ಬಾಗಿಲಲ್ಲಿ ನಿಂತದ್ದು ನೋಡಿ ಅವನು ಒಂದು ಗಳಿಗೆ ಗಾಬರಿಯಾದ. ಆಮೇಲೆ, "ಬರ್ರಿ, ಒಳಗ ಬರ್ರಿ. ಕುರ್ಚಿ ಕಡಿಮಿ ಅದಾವು, ಪಾಳಿ ಮ್ಯಾಲೆ ಕೂಡೋಣಂತ," ಎಂದ.

ಸರ್ವರ್ ಎಂದು ಅವನು ತೋರಿಸಿದ್ದು ಮೇಜಿನ ಕೆಳಗಿನ ಒಂದು ಕರಿ ಪೆಟ್ಟಿಗೆ. ಪಕ್ಕದಲ್ಲಿ ಬ್ಯಾಟರಿ, ಎದುರಿಗೆ ತಿರುಗುವ ಫ್ಯಾನು. ಬಸವಣ್ಣೆಪ್ಪ ಕುಕ್ಕರಗಾಲಲ್ಲಿ ಕೂತು ಪೆಟ್ಟಿಗೆಯ ನೆತ್ತಿಯ ಮೇಲೆ ಅಂಗೈ ಇಟ್ಟರು. ಬೆಚ್ಚಗಿತ್ತು. ಸ್ವಲ್ಪ ಹೊತ್ತು ಹಾಗೆಯೇ ಇಟ್ಟುಕೊಂಡು ತಲೆಯಾಡಿಸಿದರು. ಆಮೇಲೆ ಒಬ್ಬೊಬ್ಬರೇ ಬಗ್ಗಿ ಕೈಯಿಟ್ಟು ನೋಡಿದರು. ನಾನೂ ಇಟ್ಟೆ. ಇಮ್ತಿಯಾಜ ಪೆಟ್ಟಿಗೆಯ ಪಕ್ಕದ ತಗಡು ಬಿಚ್ಚಿ ಒಳಗಿನ ಎರಡು ಡಿಸ್ಕ್ ತೋರಿಸಿದ. "ಒಂದರಾಗ ಬರದದ್ದು ಅದೇ ಗಳಿಗಿಗೆ ಇನ್ನೊಂದರಾಗೂ ಬರೀತೈತ್ರಿ. ಒಂದ್ ಕೆಟ್ರ ಇನ್ನೊಂದ್ ಐತಿ. ಮಿರರಿಂಗ್ ಅಂತಾರ ಇದಕ್ಕ."

ನಮ್ಮವರ ಮನಸ್ಸು ಗೆದ್ದದ್ದು ಮಾತ್ರ ಡಿಸ್ಕ್ ಅಲ್ಲ. ದನಿಯಿಲ್ಲದವರು ಅಂಗಡಿಗೆ ಹೋದರೆ ಜನ ಎರಡರಲ್ಲಿ ಒಂದು ಮಾಡುತ್ತಾರೆ. ಇಲ್ಲವೆ ಕಿವುಡರೆಂದು ತಿಳಿದು ಕಿರುಚುತ್ತಾರೆ, ಇಲ್ಲವೆ ಪಾಟಿಯಲ್ಲಿ ಅರ್ಧ ಬರೆಯುವಷ್ಟರಲ್ಲಿ ತಾವೇ ಉಳಿದರ್ಧ ಊಹಿಸಿ ಉತ್ತರ ಕೊಟ್ಟುಬಿಡುತ್ತಾರೆ. ಇಮ್ತಿಯಾಜ ಕೊನೆಯ ಅಕ್ಷರ ಬರೆದು ಬಳಪ ಎತ್ತುವವರೆಗೆ ಸುಮ್ಮನೆ ನಿಲ್ಲುತ್ತಿದ್ದ. ಏನಾದರೂ ಕೆಟ್ಟರೆ ಬಂದು ಈ ಅಂಗಡಿಯಲ್ಲಿ ನಿಂತರೆ ಸಾಕು ಎಂದು ಎಲ್ಲರಿಗೂ ಅನ್ನಿಸಿತು.

ಅವನು ಮೊದಲು ಎರಡು ಸಾವಿರ ಎಂದಿದ್ದ. ನಮ್ಮವರನ್ನೆಲ್ಲ ಒಂದು ಸಲ ನೋಡಿ, ನಾವು ಕೇಳದೆಯೇ, "ಹದಿನೈದು ನೂರ ಕೊಡ್ರಿ, ಸಾಕು," ಎಂದು ಚಹಾ ತರಿಸಿದ. ನನ್ನ ಬಾಯಲ್ಲಿ ಒಂದು ಪ್ರಶ್ನೆ ಉಳಿದಿತ್ತು. ತಿಂಗಳಿಗೊಮ್ಮೆ ಎಲ್ಲವನ್ನೂ ಒಂದು ಸಿಡಿಗೆ ಹಾಕಿ ಕೊಡಲು ಆಗುತ್ತದೆಯೇ ಎಂದು. "ಮತ್ತೊಂದ್ ಮಾತು ಇಮ್ತಿಯಾಜ," ಎಂದು ಶುರು ಮಾಡುವಷ್ಟರಲ್ಲಿ ಗಂಗವ್ವ ನನ್ನ ಸೆರಗು ಜಗ್ಗಿದಳು. "ಕೇಳಲಾರದ ಇಷ್ಟ್ ಇಳಿಸ್ಯಾರ. ಮತ್ತೇನ್ ಕೇಳ್ತೀರಿ ಅಕ್ಕಾರ, ಛಲೋ ಕಾಣೂದಿಲ್ಲ," ಎಂದು ಕಿವಿಯಲ್ಲಿ ಹೇಳಿದಳು. ನಮ್ಮ ಕಡೆಯ ರೀತಿ ಅದು. ಒಬ್ಬ ತಾನಾಗಿ ಇಳಿದು ಬಂದು ಚಹಾ ಕುಡಿಸಿದ ಮೇಲೆ ಇನ್ನೂ ಕೇಳಿದರೆ ಅವನ ಮೇಲೆ ನಂಬಿಕೆಯಿಲ್ಲ ಎಂದ ಹಾಗೆ. ಆಮೇಲೆ ಕೇಳಿದರಾಯಿತು ಎಂದುಕೊಂಡು ಚಹಾ ಕುಡಿದೆ. ಆ ಆಮೇಲೆ ಬರಲೇ ಇಲ್ಲ.

ಫೋರಮ್ಮಿಗೆ ಸದಸ್ಯರು ‘ಪಾಟಿ’ ಎಂದೇ ಹೆಸರಿಟ್ಟರು. ಹೊರಗಿನವರು ಓದಬಾರದೆಂದು ಪಾಸ್‌ವರ್ಡ್ ಹಾಕಿಸಿದೆವು. ತಮ್ಮ ಕುತ್ತಿಗೆಯ ತೂತು, ಕಫ, ಗಂಡ ಹೆಂಡಿರ ಮಾತು ಇವೆಲ್ಲ ಊರಿಗೆ ಯಾಕೆ ಗೊತ್ತಾಗಬೇಕು ಎಂಬುದು ನ್ಯಾಯವಾದ ಮಾತೇ. ಕೆಫೆಗಳ ಹಳೆಯ ಕಂಪ್ಯೂಟರುಗಳಲ್ಲಿ ಕನ್ನಡ ಮೂಡುತ್ತಿರಲಿಲ್ಲ, ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಬರೆಯಬೇಕು. ಬಸವಣ್ಣೆಪ್ಪ ಏಳನೇ ಇಯತ್ತೆ ಕಲಿತವರು. ಚೀಲಗಳ ಮೇಲೆ ಬಣ್ಣದಲ್ಲಿ ಹಾಕುವ ಗುರುತುಗಳಿಂದ ಆ ಅಕ್ಷರಗಳು ಅವರಿಗೆ ಪರಿಚಯವಿದ್ದವು. ಬೈರಿದೇವರಕೊಪ್ಪದಲ್ಲಿ ಮನೆಯ ಹತ್ತಿರದ ಕೆಫೆಯಲ್ಲಿ ದಿನಾ ಬೆಳಿಗ್ಗೆ, ಮೊದಲೆಲ್ಲ ಮಾರ್ಕೆಟ್ಟಿಗೆ ಹೊರಡುತ್ತಿದ್ದ ವೇಳೆಗೆ, ಹೋಗಿ ಕೂಡುತ್ತಿದ್ದರು. ಒಂದೇ ಬೆರಳಲ್ಲಿ ಒತ್ತುತ್ತಿದ್ದರು.

ಎಂಥ ಬರಹವದು. ಆಪರೇಷನ್ ಆದ ಹೊಸಬರೊಬ್ಬರು ಸ್ನಾನ ಮಾಡುವುದು ಹೇಗೆಂದು ಕೇಳಿದಾಗ, "ತೂತಿನ್ಯಾಗ ನೀರ್ ಹೋದ್ರ ಊರಿನ ನಳಾ ಎಲ್ಲಾ ನಿಮ್ಮ ಎದಿಯೊಳಗ ಬಿಟ್ಟಂಗ ಆಕ್ಕೈತಿ. ಕೂಸಿಗೆ ಕಟ್ಟೂ ಜೊಲ್ಲಬಟ್ಟಿ ಕಟ್ಕೊಂಡು ಕೂಡ್ರಿ, ನಾಚಬ್ಯಾಡ್ರಿ, ಬಾಯಾಗ ಹಲ್ಲ್ ಇಲ್ಲದವ್ರೂ ನಾವೂ ಈಗ ಒಂದ," ಎಂದು ಬರೆದಿದ್ದರು. ಫೋರಂ ತಂದುಕೊಟ್ಟ ಗದಗಿನ ಮಾಸ್ತರರೇ ಒಮ್ಮೆ ಬದುಕು ಸಾಕಾಗಿದೆ ಎಂದು ಬರೆದರು. ನಾನು ಏನು ಉತ್ತರಿಸಲಿ ಎಂದು ಬರೆದು ಅಳಿಸುತ್ತ ಕೂತಿದ್ದಾಗ ಬಸವಣ್ಣೆಪ್ಪನ ಉತ್ತರ ಬಂತು. "ಮಾಸ್ತರ, ಹುಡುಗುರಿಗೆ ಜನ್ಮ ಪೂರ್ತಿ ಬಾಯಿ ಮುಚ್ರಿ ಅಂದೀರಿ, ಈಗ ನಿಮ್ಮ ಪಾಳಿ. ನಾಳೆ ಮುಂಜಾನಿ ಏನ್ ನಾಷ್ಟಾ ಮಾಡಿದ್ರಿ ಬರೀರಿ. ಬರೀಲಿಲ್ಲಂದ್ರ ಗದಗಿಗೆ ಬಂದ್ ಕೂಡ್ತೇನಿ." ಮಾಸ್ತರರು ಮರುದಿನ ಅವಲಕ್ಕಿ ಎಂದು ಬರೆದರು. ಅದರ ಮರುದಿನ ಉಪ್ಪಿಟ್ಟು. ಆಮೇಲೆ ತಿಂಗಳುಗಟ್ಟಲೆ ಅವರ ನಾಷ್ಟಾದ ವರದಿ ಬರುತ್ತಿತ್ತು. ಅವರು ಇಂದಿಗೂ ಇದ್ದಾರೆ.

ಪೆಟ್ಟಿಗೆ ನೋಡಿಕೊಳ್ಳುವವನಾದ್ದರಿಂದ ಇಮ್ತಿಯಾಜನೂ ಓದುತ್ತಿದ್ದ. ಒಮ್ಮೆ ವರ್ಷದ ಬಾಡಿಗೆ ಕಟ್ಟಲು ನಾನು, ಬಸವಣ್ಣೆಪ್ಪ, ಗಂಗವ್ವ ಹೋದಾಗ ಅವನು ಆಕೆಯನ್ನು ಕಿಚಾಯಿಸಿದ. "ಕಾಕು, ಕಾಕಾ ನಿಮ್ಮ ಮ್ಯಾಲೆ ಭಾಳ ಬರದಾರ್ರಿ."

"ನನ್ನ ಮ್ಯಾಲೆ? ಏನಂತ?"

ಬಸವಣ್ಣೆಪ್ಪ ಅವನಿಗೆ ಕಣ್ಣು ಕೆಕ್ಕರಿಸಿ ತುಟಿಯ ಮೇಲೆ ಬೆರಳಿಟ್ಟರು. ಗಂಗವ್ವ ನನ್ನ ಕಡೆ ತಿರುಗಿದಳು. ಅವರನ್ನೇ ಕೇಳು ಎಂದೆ. ಆಕೆ ನಕ್ಕು, "ಅವ್ರಿಗೆ ಹೇಳಾಕ ಬರೂದಿಲ್ಲ, ನನಗ ಓದಾಕ ಬರೂದಿಲ್ಲ. ಛಲೋ ಜೋಡಿ ಕೂಡೇತಿ," ಎಂದಳು. ಬಸವಣ್ಣೆಪ್ಪನ ಭುಜಗಳು ಕುಣಿದವು. ಆ ದಿನ ಎಲ್ಲರೂ ಬಹಳ ನಕ್ಕೆವು.

2007ರ ಮಳೆಗಾಲದಲ್ಲಿ ರೋಗ ಅವರ ಶ್ವಾಸಕೋಶದಲ್ಲಿ ಕಾಣಿಸಿಕೊಂಡಿತು. ಮಾಡುವಂಥದ್ದು ಹೆಚ್ಚೇನೂ ಉಳಿದಿರಲಿಲ್ಲ. ವಾರ್ಡಿನಲ್ಲಿ ಮಲಗಿದ್ದಾಗ ಒಂದು ಮಧ್ಯಾಹ್ನ, ಗಂಗವ್ವ ಗಂಜಿ ತರಲು ಹೋದ ಹೊತ್ತು ನೋಡಿ, ಅವರು ನನ್ನನ್ನು ಕರೆಸಿದರು. ಪಾಟಿಯ ಮೇಲೆ ಅಕ್ಷರಗಳು ಸೊಟ್ಟಗಾಗಿದ್ದವು. "ಪಾಟಿಯಾಗ ಆಕಿ ಬಗ್ಗೆ ಬರದದ್ದು ಆಕಿಗೆ ಓದಿ ಹೇಳ್ರಿ. ನಾ ಹೋದ ಮ್ಯಾಲೆ. ಮೊದಲ ಬ್ಯಾಡ, ನಾಚಿಕಿ ಬರ್ತೈತಿ." ನಾನು ಆಯಿತು ಎಂದೆ. ಅವರು ಮುಂಗೈಯಿಂದ ಪಾಟಿ ಒರೆಸಿಬಿಟ್ಟರು. ದಸರೆಗೆ ಮೊದಲೇ ಹೋದರು.

ದಿನಕರ್ಮಗಳು ಮುಗಿದ ಮೇಲೆ ಬೈರಿದೇವರಕೊಪ್ಪದ ಮನೆಗೆ ಹೋಗಿ ಗಂಗವ್ವನಿಗೆ ಈ ಮಾತು ತಿಳಿಸಿದೆ. ಆಕೆ ಕೈ ಅಡ್ಡ ಹಿಡಿದಳು. "ಈಗ ಬ್ಯಾಡ್ರಿ ಅಕ್ಕಾರ. ಈಗ ಕೇಳಿದ್ರ ಎದಿ ತಡಿಯೂದಿಲ್ಲ. ಮೆಣಸಿನಕಾಯಿ ಸುಗ್ಗಿ ಬಂತು, ಕೆಲಸ ಹಿಡೀತೇನಿ. ಯುಗಾದಿ ಆದ ಮ್ಯಾಲೆ ಬರ್ತೇನಿ. ಬುತ್ತಿ ಕಟಗೊಂಡ್ ಬಂದು ಇಡೀ ದಿನ ಕುಂತು ಕೇಳ್ತೇನಿ." ನನಗೂ ಅದು ಸರಿಯೆನ್ನಿಸಿತು. ಬ್ಯಾಡ ಎಂದವರ ಮುಂದೆ ಓದಲು ಕೂರುವುದು ಹೇಗೆ. ಬರಹ ಎಲ್ಲಿಗೆ ಹೋಗುತ್ತದೆ, ಗೋಪನಕೊಪ್ಪದಲ್ಲಿ ಬೆಚ್ಚಗೆ ಇದೆಯಲ್ಲ ಎಂದುಕೊಂಡೆ.

ಯುಗಾದಿಗೆ ಇನ್ನು ಕೆಲವೇ ದಿನವಿದ್ದಾಗ ಒಂದು ಸಂಜೆ ಅಕಾಲದ ಅಡ್ಡಮಳೆ ಬಂತು. ಮರುದಿನ ಬೆಳಿಗ್ಗೆ ನನ್ನ ಕೋಣೆಯ ಬಾಗಿಲಲ್ಲಿ ಇಮ್ತಿಯಾಜ ನಿಂತಿದ್ದ. ಫೋನ್ ಮಾಡುವುದು ಬಿಟ್ಟು ಇಲ್ಲಿಯವರೆಗೆ ಯಾಕೆ ಬಂದೆ ಎಂದು ಕೇಳಿದೆ. "ಎರಡೂ ಹೋದುವ್ರಿ ಅಕ್ಕಾರ," ಎಂದ. ಗೋಪನಕೊಪ್ಪದ ಟ್ರಾನ್ಸ್‌ಫಾರ್ಮರಿಗೆ ಸಿಡಿಲು ಬಡಿದು ಕರೆಂಟು ಒಮ್ಮೆಲೇ ಏರಿತ್ತು. ಪೆಟ್ಟಿಗೆಯ ಪವರ್ ಸಪ್ಲೈ ಸುಟ್ಟು, ಅದಕ್ಕೆ ಜೋಡಿಸಿದ್ದ ಎರಡೂ ಡಿಸ್ಕುಗಳನ್ನು ಸುಟ್ಟಿತ್ತು. ಒಂದು ಕೆಟ್ಟರೆ ಇನ್ನೊಂದಿದೆ ಎಂಬ ಮಾತು ನಿಜವೇ. ಆದರೆ ಎರಡೂ ಇದ್ದದ್ದು ಒಂದೇ ಪೆಟ್ಟಿಗೆಯಲ್ಲಿ, ಒಂದೇ ತಂತಿಯ ತುದಿಗೆ. ಮಿರರಿಂಗ್ ಬೇರೆ, ಬ್ಯಾಕಪ್ ಬೇರೆ ಎಂಬುದು ನನಗೆ ಗೊತ್ತಾದದ್ದು ಆ ಬೆಳಿಗ್ಗೆ.

ಅವನು ಡಿಸ್ಕುಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಅದೇ ದಿನ ಬೆಂಗಳೂರಿನ ಬಸ್ಸು ಹತ್ತಿದ. ಹಾಳಾದ ಡಿಸ್ಕಿನಿಂದ ಬರಹ ಎತ್ತಿಕೊಡುವವರು ಅಲ್ಲಿದ್ದರು. ಎರಡು ಕಡೆ ತೋರಿಸಿದ, ಎರಡೂ ಕಡೆ ಆಗುವುದಿಲ್ಲ ಎಂದರು. ಸರ್ಚ್ ಇಂಜಿನ್ನುಗಳು ಹಳೆಯ ಪುಟಗಳ ನಕಲು ಇಟ್ಟಿರುತ್ತವೆ ಎಂದು ಯಾರೋ ಹೇಳಿದರು. ಪಾಸ್‌ವರ್ಡ್ ಹಾಕಿದ ಪುಟಗಳ ನಕಲು ಅವುಗಳ ಹತ್ತಿರವೂ ಇರಲಿಲ್ಲ. ಕೆಫೆಗಳ ಕಂಪ್ಯೂಟರು ದಿನದಿನವೂ ಒರೆಸಿ ಚೊಕ್ಕಟ ಮಾಡುವಂಥವು. ಇಮ್ತಿಯಾಜ ಬರಿಗೈಯಲ್ಲಿ ಬಂದು, ಗಂಗವ್ವನ ಮನೆಗೆ ತಾನೇ ಹೋಗಿ ಹೇಳುತ್ತೇನೆ ಎಂದ. ಬೇಡ, ಮಾತು ಕೊಟ್ಟವಳು ನಾನು, ನಾನೇ ಹೇಳುತ್ತೇನೆ ಎಂದೆ. ಸೆರಗು ಜಗ್ಗಿದ ಆ ದಿನವನ್ನು ನಾನು ಗಂಗವ್ವನಿಗೆ ಎಂದೂ ನೆನಪಿಸಿಲ್ಲ. ಆಕೆಗೂ ನೆನಪಿದ್ದಂತೆ ಕಾಣೆ.

ಫೋರಂ ಮುಂದೆ ಮತ್ತೆ ಶುರುವಾಯಿತು. ಈ ಸಲ ದೂರದ ಕಂಪನಿಯನ್ನೇ ಹಿಡಿದೆವು, ಐದು ಡಾಲರಿನದನ್ನೇ. ಮೊದಲ ಬಾರಿ ಏನೋ ತೊಂದರೆಯಾದಾಗ ಗದಗಿನ ಮಾಸ್ತರರು ಅವರಿಗೆ ಬರೆದು ಕೇಳಿದರು, ಅತ್ತಲಿಂದ ಯಾರೋ ಬರೆದು ಉತ್ತರಿಸಿದರು. ದನಿಯಿದ್ದವರೂ ಇಲ್ಲದವರೂ ಅಲ್ಲಿ ಬರೆದೇ ಕೇಳಬೇಕು. ಅತ್ತಲಿನವನಿಗೆ ಮಾಸ್ತರರ ಕುತ್ತಿಗೆಯ ಸಂಗತಿ ಗೊತ್ತೇ ಆಗಲಿಲ್ಲ. ನಮ್ಮವರಿಗೆ ಅದಕ್ಕಿಂತ ತಕ್ಕ ಜಾಗ ಇರಲಿಲ್ಲವೆಂದು ಆಗ ತಿಳಿಯಿತು. ಹಾಗೆಂದು ಇಮ್ತಿಯಾಜನ ಅಂಗಡಿಯಲ್ಲಿ ಕಳೆದ ದಿನಗಳನ್ನು ಬೇಡವೆನ್ನಲೂ ಮನಸ್ಸಾಗುವುದಿಲ್ಲ.

ಈ ಪ್ರಕರಣ ಕಲಿಸಿದ್ದನ್ನು ನಿವೃತ್ತಿಯವರೆಗೂ ಪಾಲಿಸಿದೆ. ಧ್ವನಿಪೆಟ್ಟಿಗೆ ತೆಗೆಯುವ ಆಪರೇಷನ್ನಿಗೆ ಮೊದಲು ಪ್ರತಿಯೊಬ್ಬ ರೋಗಿಯನ್ನೂ ನನ್ನ ಕೋಣೆಯಲ್ಲಿ ಕೂರಿಸಿ, ರೆಕಾರ್ಡರ್ ಮುಂದಿಟ್ಟು, ಏನು ಬೇಕಾದರೂ ಮಾತಾಡಿ ಎನ್ನುತ್ತಿದ್ದೆ. ಒಂದು ನಕಲು ಮನೆಯವರಿಗೆ, ಒಂದು ಆಸ್ಪತ್ರೆಗೆ, ಇನ್ನೊಂದು ಬೇರೆ ಊರಿಗೆ. ಮುಂದೆ ಕೇಳುತ್ತೇವೆ ಎಂದವರಿಗೂ ಅಂದೇ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದೆ. ಹೊಸದಾಗಿ ಬಂದ ಸಹೋದ್ಯೋಗಿಗಳು ಇದು ನಿಯಮದಲ್ಲಿ ಎಲ್ಲಿದೆ ಎಂದು ಕೇಳುತ್ತಿದ್ದರು. ನಿಯಮ ಇದ್ದರೂ ಇಲ್ಲದಿದ್ದರೂ ಮಾಡಿ ಎಂದು ಗದರುತ್ತಿದ್ದೆ. ಅವರಿಗೆ ನಾನು ಗಂಗವ್ವ ಬಂದ ದಿನದ ಸಂಗತಿ ಹೇಳಿರಲಿಲ್ಲ.

ಸಿಡಿಲು ಬಡಿದ ಆ ವರ್ಷ ಯುಗಾದಿಯ ಮರುದಿನವೇ ಗಂಗವ್ವ ಬಂದಳು. ಹೊಸ ಇಳಕಲ್ ಸೀರೆ ಉಟ್ಟಿದ್ದಳು. ಬುತ್ತಿಯಲ್ಲಿ ನನ್ನ ಪಾಲಿನದೂ ಸೇರಿಸಿ ರೊಟ್ಟಿ, ಹಿಂಡಿ ಎನ್ನುವ ಶೇಂಗಾ ಚಟ್ನಿಪುಡಿ ಕಟ್ಟಿದ್ದಳು. ಕುರ್ಚಿ ಎಳೆದು ಕೊಟ್ಟೆ. ಸಿಡಿಲು, ಡಿಸ್ಕು, ಬೆಂಗಳೂರು ಎಲ್ಲವನ್ನೂ ಹೇಳಿದೆ. ಏನೂ ಉಳಿದಿಲ್ಲ ಗಂಗವ್ವ ಎಂದೆ. ಅತ್ತುಬಿಡುತ್ತಾಳೆ, ಇಲ್ಲವೇ ಬೈಯುತ್ತಾಳೆ ಎಂದು ಸಿದ್ಧಳಾಗಿದ್ದೆ. ಆಕೆ ಎರಡೂ ಮಾಡಲಿಲ್ಲ.

"ಪೆಟಗಿ ಸುಟ್ರ ಸುಡಲಿ ಬಿಡ್ರಿ. ನೀವು ಓದೀರಲ್ಲ. ನೀವ ಹೇಳ್ರಿ," ಎಂದಳು.

ಹೌದಲ್ಲ, ಎಂದು ನನಗೂ ಒಂದು ಗಳಿಗೆ ಜೀವ ಬಂತು. ನೆನಪಿದ್ದದ್ದನ್ನು ಹೇಳಿದೆ. "ಮೊದಲು ಮನ್ಯಾಗ ಜಗಳ ಬಂದ್ರ ದನಿ ಏರಿಸಿ ನಾ ಗೆಲ್ತಿದ್ದೆ. ಈಗ ಸಿಟ್ಟಿಲೆ ಚಪ್ಪಾಳಿ ಹೊಡದ್ರ ಆಕಿ ಅಡಗಿಮನ್ಯಾಗಿಂದ ನೀರಿನ ತಂಬಿಗಿ ತಂದ್ ಮುಂದ ಇಡ್ತಾಳ. ಬ್ಯಾರೆ ಏನರ ಹೇಳಾಕ ಹ್ವಾದ್ರೂ ನೀರ, ಬೈಯ್ಯಾಕ ಹ್ವಾದ್ರೂ ನೀರ. ನೀರ್ ಕುಡದ್ ಕುಡದ್ ನನ್ನ ಸಿಟ್ಟೆಲ್ಲಾ ಹೋತು," ಎಂದು ಒಮ್ಮೆ ಬರೆದಿದ್ದರು. ಗಂಗವ್ವ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಕಣ್ಣು ಒರೆಸಿಕೊಂಡಳು.

"ಮುಂದ?"

ಮುಂದೆ ಉದ್ದದ್ದೊಂದು ಬರಹವಿತ್ತು. ಇಬ್ಬರೂ ಹರೆಯದಲ್ಲಿದ್ದ ಕಾಲದ್ದು. ಆಕೆ ಮೆಣಸಿನ ರಾಶಿಯ ಹತ್ತಿರ ಕೂತಿರುತ್ತಿದ್ದುದು, ಈತ ಕೂಗುತ್ತ ಆಕೆಯ ಮುಂದೆ ಬಂದಾಗ ಏನೋ ಆಗುತ್ತಿದ್ದುದು, ಕೊನೆಯಲ್ಲಿ ನೇರವಾಗಿ ಆಕೆಗೇ ಹೇಳಿದ ಎರಡು ಮೂರು ಮಾತು. ಅದನ್ನು ನಾನು ಎರಡು ಸಲ ಓದಿದ್ದೆ. ಓದಿ ಅತ್ತದ್ದು ನೆನಪಿತ್ತು. ಯಾವ ಮಾತಿಗೆ ಅತ್ತೆ ಎಂಬುದು ಎಷ್ಟು ತಡಕಿದರೂ ಸಿಗಲಿಲ್ಲ. ಅಲ್ಲಿ ಇದ್ದೇ ಇರುತ್ತದೆಂದು ನಾನು ಅದನ್ನು ನೆನಪಿಡುವ ಗೋಜಿಗೇ ಹೋಗಿರಲಿಲ್ಲ.

"ಭಾಳ ಛಲೋ ಬರದಿದ್ರು ಗಂಗವ್ವ," ಎಂದೆ.

"ಹೌದ್ರಿ? ಏನಂತ ಬರದಿದ್ರು?"

ನಾನು ಬಾಯಿ ತೆರೆದೆ. ಏನೂ ಹೊರಡಲಿಲ್ಲ. ಗಂಗವ್ವ ಬುತ್ತಿಯ ಗಂಟನ್ನು ಮಡಿಲಲ್ಲಿಟ್ಟುಕೊಂಡು ನನ್ನ ಮುಖವನ್ನೇ ನೋಡುತ್ತ ಕೂತಳು, ಅವಸರ ಮಾಡಲಿಲ್ಲ. ಮಾತು ಹೊರಡದವರ ಮುಂದೆ ಕಾಯುವುದು ಆಕೆಗೆ ರೂಢಿಯಾಗಿತ್ತು.